ಬಾನಲ್ಲಿ ಹಾದುಹೋದದ್ದು ಯಾವ ಹೆಲಿಕಾಪ್ಟರ್? ನಂಜನಗೂಡು, ತಿ.ನರಸೀಪುರ ಸೀಮೆಯ ಛಾಯಾಗ್ರಾಹಕರು ಅರಿತಿರಬೇಕಾದ ಸಂಗತಿಗಳು

2021ರ ಡಿಸೆಂಬರ್ 8ರ ಮಧ್ಯಾಹ್ನ ನೀಲಗಿರಿಯ ಕೂನೂರು ಬಳಿಯ ಕಾಟ್ಟೇರಿಯಲ್ಲಿ ಪ್ರವಾಸಿಗರ ಗುಂಪೊಂದು ರೈಲುಹಳಿಯ ಸನಿಹ ಚಿತ್ರ ತೆಗೆಯುತ್ತ ಅಡ್ಡಾಡುತ್ತಿತ್ತು. ತಲೆಯ ಮೇಲೆ ತಗ್ಗಿನಲ್ಲಿ ಹಾದುಹೋದ ಹೆಲಿಕಾಪ್ಟರೊಂದನ್ನು ಅವರಲ್ಲೊಬ್ಬರು ಮೊಬೈಲಿನಲ್ಲಿ ಸೆರೆಹಿಡಿದರು. ಕೆಲವೇ ಸೆಕೆಂಡುಗಳ ಆ ದೃಶ್ಯದಲ್ಲಿ ಹೆಲಿಕಾಪ್ಟರ್ ದಟ್ಟ ಮಂಜನ್ನು ಹೊಕ್ಕು ಮರೆಯಾಗುತ್ತದೆ. ಅದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೇರಿದಂತೆ 14 ಮಂದಿಯನ್ನು ಹೊತ್ತಿದ್ದ ವಾಯುಪಡೆಯ ಎಂಐ-17ವಿ5. ಕೊಯಮತ್ತೂರು ಸಮೀಪದ ಸೂಲೂರು ವಾಯುನೆಲೆಯಿಂದ 11.48ಕ್ಕೆ ಹೊರಟಿದ್ದ ಅದು 12.15ಕ್ಕೆ ವೆಲ್ಲಿಂಗ್ಟನ್‌ನಲ್ಲಿ ಇಳಿಯಬೇಕಿತ್ತು. 12.08ರ ಸುಮಾರಿಗೆ ಸಂಪರ್ಕ ಕಡಿದುಹೋಯಿತು. 13 ಮಂದಿ ಅಂದೇ ಅಸುನೀಗಿದರು. ಬದುಕುಳಿದಿದ್ದ ಏಕೈಕ ವ್ಯಕ್ತಿ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ರಂದು ಕೊನೆಯುಸಿರೆಳೆದರು.

ಹವ್ಯಾಸಿಯೊಬ್ಬರ ಆ ತುಣುಕು ದುರಂತದ ಕುರಿತು ದೊರೆತ ಅಪರೂಪದ ದೃಶ್ಯಸಾಕ್ಷ್ಯವಾಯಿತು. ಮೊಬೈಲನ್ನು ಪೊಲೀಸರು ವಶಕ್ಕೆ ಪಡೆದು ವಿಧಿವಿಜ್ಞಾನ ಪರೀಕ್ಷೆಗೆ ಕಳುಹಿಸಿದರು. ಕಣಿವೆಯಲ್ಲಿ ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಸಿಲುಕಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು ಎಂಬುದು 2022ರ ಜನವರಿಯಲ್ಲಿ ಪ್ರಕಟವಾದ ಮೂರೂ ಪಡೆಗಳ ಜಂಟಿ ತನಿಖೆಯ ತೀರ್ಮಾನ.

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ಮಾರ್ಗವಾಗಿ ಸಾಗುವ ರಸ್ತೆ ತಲುಪುವುದು ಅದೇ ನೀಲಗಿರಿಯನ್ನು. ಆ ರಸ್ತೆಯ ಈ ತುದಿಯಲ್ಲಿ, ಕಪಿಲಾ ದಂಡೆಯಲ್ಲೂ ಹದಿನಾರು ಕೆರೆಯ ಏರಿಯ ಮೇಲೂ ತಿರುಮಕೂಡಲಿನ ಸಂಗಮದಲ್ಲೂ ಕ್ಯಾಮೆರಾ ಹಿಡಿದು ನಿಲ್ಲುವವರಿಗೆ ಸೇನಾ ಹೆಲಿಕಾಪ್ಟರ್ ತೀರಾ ಅಪರಿಚಿತವೇನಲ್ಲ. ಆದರೆ ಬಹುಪಾಲು ಮಂದಿಗೆ ಅದು ‘ಮಿಲಿಟರಿ ಹೆಲಿಕಾಪ್ಟರ್’ ಮಾತ್ರ. ಯಾವುದು, ಯಾರದು, ಅದರ ಚಿತ್ರ ತೆಗೆಯಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಹೊತ್ತಿಗೆ ಅದು ದಿಗಂತ ದಾಟಿರುತ್ತದೆ.

ಈ ಸೀಮೆಯ ಮೇಲೇಕೆ?

ನಂಜನಗೂಡಿನಲ್ಲಾಗಲಿ ತಿ.ನರಸೀಪುರದಲ್ಲಾಗಲಿ ವಾಯುನೆಲೆಯಿಲ್ಲ. ಆದರೆ ನಕಾಶೆಯ ಮೇಲೆ ಅಳತೆಗೋಲಿಟ್ಟು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಸೂಲೂರಿನಿಂದ ಮೈಸೂರಿಗೆ ಎಳೆದ ಸರಳರೇಖೆ ನಂಜನಗೂಡು ತಾಲ್ಲೂಕನ್ನು ಹಾಯುತ್ತದೆ. ಬೆಂಗಳೂರಿನಿಂದ ವಯನಾಡಿಗೆ ಎಳೆದ ರೇಖೆ ತಿ.ನರಸೀಪುರದ ಬಳಿ ಸಾಗಿ ನಂಜನಗೂಡಿನ ಮೇಲೆಯೇ ಹೋಗುತ್ತದೆ. ಹೆಲಿಕಾಪ್ಟರುಗಳು ಗೆರೆ ಹಿಡಿದಂತೆ ಹಾರುತ್ತವೆ ಎಂದಲ್ಲ. ಹವೆ, ಬೆಟ್ಟ, ವಾಯುಸಂಚಾರ ನಿಯಂತ್ರಕರ ಸೂಚನೆ ಎಲ್ಲವೂ ದಾರಿಯನ್ನು ಬದಲಿಸುತ್ತವೆ. ಆದರೂ ಉತ್ತರಕ್ಕೆ ಎಚ್‌ಎಎಲ್ ಮತ್ತು ಯಲಹಂಕ, ದಕ್ಷಿಣಕ್ಕೆ ಸೂಲೂರು, ನಡುವೆ ಮೈಸೂರು–ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣ ಇರುವಾಗ ಈ ಬಯಲು ಸಹಜವಾಗಿಯೇ ಹಾದಿಯಾಗುತ್ತದೆ.

ಸಂದರ್ಭಗಳೂ ಕೂಡಿಬಂದಿವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಸೂಲೂರಿನ ಎರಡು ಎಂಐ-17ವಿ5 ಹೆಲಿಕಾಪ್ಟರುಗಳು ಕೆಳಗೆ ತೂಗುಬಿಟ್ಟ ಬೃಹತ್ ನೀರಿನ ಚೀಲಗಳೊಡನೆ ಬೆಂಕಿ ನಂದಿಸಲು ಬಂದವು. ಬಾಂಬಿ ಬಕೆಟ್ ಎಂಬ ಹೆಸರು ಈ ಭಾಗದ ಜನರ ಕಿವಿಗೆ ಬಿದ್ದದ್ದು ಆಗಲೇ. ಅದೇ ವರ್ಷದ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡನ್ನು ಸುತ್ತುವರಿದು ಊಟಿ ರಸ್ತೆ ಬಂದ್ ಆಗಿತ್ತು. ಆ ದಿನಗಳಲ್ಲೇ ಉತ್ತರದಲ್ಲಿ ತುಂಗಭದ್ರಾ ನಡುಗಡ್ಡೆ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ವಾಯುಪಡೆಯ ಹೆಲಿಕಾಪ್ಟರುಗಳು ಹೊರತಂದವು. 2023ರ ಏಪ್ರಿಲ್ 9ರಂದು ಪ್ರಧಾನಿ ನರೇಂದ್ರ ಮೋದಿ ಮೈಸೂರಿನಿಂದ ಹೆಲಿಕಾಪ್ಟರಿನಲ್ಲಿ ಬಂಡೀಪುರದ ಅಂಚಿನ ಮೇಲುಕಾಮನಹಳ್ಳಿಗೆ ಬಂದಿಳಿದರು. 2024ರ ಜುಲೈ 30ರ ವಯನಾಡು ಭೂಕುಸಿತದ ಬಳಿಕ ಸೂಲೂರಿನ ಎಂಐ-17 ಮತ್ತು ಧ್ರುವ್ ಹೆಲಿಕಾಪ್ಟರುಗಳು ಪರಿಹಾರ ಕಾರ್ಯದಲ್ಲಿ ತೊಡಗಿದ್ದವು.

ಮೊದಲು ಎಂಐ-17 ಅರಿಯಿರಿ

ಮೇಲಿನ ಪಟ್ಟಿಯಲ್ಲಿ ಪದೇ ಪದೇ ಬರುವ ಹೆಸರೊಂದೇ. ಆದ್ದರಿಂದ ಗುರುತಿಸುವ ಅಭ್ಯಾಸವನ್ನು ಎಂಐ-17ರಿಂದ ಆರಂಭಿಸುವುದು ಜಾಣತನ. ರಷ್ಯಾ ನಿರ್ಮಿತ ಈ ಹೆಲಿಕಾಪ್ಟರ್ ಗಾತ್ರದಲ್ಲಿ ಒಂದು ಬಸ್ಸನ್ನೂ ಮೀರಿಸುತ್ತದೆ. ನೆತ್ತಿಯ ಮೇಲಿನ ರೋಟರಿಗೆ ಐದು ಬ್ಲೇಡುಗಳು; ಅವು ತಿರುಗುವ ವೃತ್ತದ ಅಡ್ಡಳತೆ 21 ಮೀಟರಿಗೂ ಹೆಚ್ಚು. ಒಡಲು ದುಂಡನೆಯ ಪೀಪಾಯಿಯಂತೆ, ಅದರ ಎರಡೂ ಪಕ್ಕಗಳಲ್ಲಿ ಉದ್ದನೆಯ ಇಂಧನ ತೊಟ್ಟಿಗಳು, ಕೆಳಗೆ ಒಳಸೇರದ ಮೂರು ಕಡೆಯ ಗಾಲಿಗಳು. ಹಾರುವಾಗಲೂ ಗಾಲಿಗಳು ಕಾಣುವುದರಿಂದ ಬುಡದಿಂದ ನೋಡುವವರಿಗೆ ಇದೊಂದು ಗಟ್ಟಿ ಗುರುತು. ಸದ್ದೂ ಬೇರೆ: ದೂರದಲ್ಲಿರುವಾಗಲೇ ಎದೆಗೆ ತಟ್ಟುವಂಥ ಭಾರವಾದ ಬಡಿತ.

ಎಂಐ-17ರಲ್ಲೂ ಬಗೆಗಳಿವೆ. ಹಳೆಯ ಮಾದರಿಗಳ ಮೂಗು ಗಾಜಿನ ಕಿಟಕಿಗಳಿಂದ ತುಂಬಿದ್ದು ಮೊಂಡಾಗಿರುತ್ತದೆ. ಹಿಂಬದಿಯಲ್ಲಿ ಎರಡು ಕದಗಳು ಕಪ್ಪೆಚಿಪ್ಪಿನಂತೆ ತೆರೆದುಕೊಳ್ಳುತ್ತವೆ. ವಿ5 ಮಾದರಿಯ ಮೂಗು ಡಾಲ್ಫಿನ್ ಮೀನಿನಂತೆ ಮುಂದಕ್ಕೆ ಚಾಚಿಕೊಂಡಿದೆ. ಹಿಂದೆ ಕದಗಳ ಬದಲು ನೆಲಕ್ಕೆ ಇಳಿಬೀಳುವ ಒಂದೇ ಹಲಗೆ. ಭಾರತ 2008ರಲ್ಲಿ 80 ವಿ5ಗಳಿಗೆ ಒಪ್ಪಂದ ಮಾಡಿಕೊಂಡು, ಬಳಿಕ ಸಂಖ್ಯೆಯನ್ನು 151ಕ್ಕೆ ಏರಿಸಿತು. 2012ರಿಂದ ಇವು ಸೇವೆಯಲ್ಲಿವೆ.

ಇದರ ಅಣ್ಣನೆನ್ನಬಹುದಾದ ಎಂಐ-8 ಈಗ ಭಾರತದ ಬಾನಿನಲ್ಲಿಲ್ಲ. ಸುಮಾರು 45 ವರ್ಷಗಳ ಸೇವೆಯ ಬಳಿಕ 2017ರ ಡಿಸೆಂಬರ್ 17ರಂದು ಬೆಂಗಳೂರಿನ ಯಲಹಂಕದಲ್ಲಿಯೇ ಅದಕ್ಕೆ ವಿದಾಯ ಹೇಳಲಾಯಿತು. ಮನೆಯ ಆಲ್ಬಮ್ಮಿನಲ್ಲಿರುವ ಹಳೆಯ ಚಿತ್ರದಲ್ಲಿರುವುದು ಎಂಐ-8 ಹೌದೋ ಅಲ್ಲವೋ ಎಂದು ತಿಳಿಯಲು ಬಾಲದ ರೋಟರನ್ನು ನೋಡಬೇಕು. ಎಂಐ-8ರಲ್ಲಿ ಅದು ಬಲಗಡೆ, ಎಂಐ-17ರಲ್ಲಿ ಎಡಗಡೆ. ಈ ಒಂದು ವ್ಯತ್ಯಾಸದಿಂದ ಎಷ್ಟೋ ಚಿತ್ರಗಳ ಕೆಳಗಿನ ಶೀರ್ಷಿಕೆ ತಿದ್ದಬೇಕಾಗಿ ಬರುತ್ತದೆ.

ಬೆಂಗಳೂರಿನ ಮಕ್ಕಳು

1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಾಲಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಕಟ್ಟಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅಲ್ಲಿ ಫ್ರೆಂಚ್ ಪರವಾನಗಿಯಡಿ ತಯಾರಾದ ಚೇತಕ್ ಮತ್ತು ಚೀತಾ ದಶಕಗಳಿಂದ ಹಾರುತ್ತಿವೆ. ಎರಡಕ್ಕೂ ಮೂರೇ ಬ್ಲೇಡು, ಒಂದೇ ಎಂಜಿನ್. ಎಂಜಿನ್ನಿಗೆ ಹೊದಿಕೆಯಿಲ್ಲ, ರೋಟರಿನ ಹಿಂದೆ ಬೆತ್ತಲಾಗಿ ಕುಳಿತಿರುತ್ತದೆ. ಇವೆರಡನ್ನು ಬೇರ್ಪಡಿಸುವುದು ಬಾಲ. ಚೇತಕ್‌ನ ಬಾಲ ತಗಡು ಹೊದ್ದದ್ದು, ಕೆಳಗೆ ಗಾಲಿಗಳು. ಚೀತಾದ ಬಾಲ ಮೊಬೈಲ್ ಟವರಿನ ಸರಳುಗಳಂತೆ ಬರಿಯ ಕಂಬಿಗಳ ಜಾಲ. ಅದು ನಿಲ್ಲುವುದು ಗಾಲಿಗಳ ಮೇಲಲ್ಲ, ಎರಡು ಉದ್ದನೆಯ ಕೊಳವೆಗಳ ಮೇಲೆ. ಬಾಲದ ಆಚೆಗಿನ ಆಕಾಶ ಕಾಣುತ್ತಿದ್ದರೆ ಚೀತಾ ಎನ್ನಲು ಅನುಮಾನ ಬೇಡ.

ಸ್ವದೇಶಿ ಧ್ರುವ್ ಮೊದಲ ಬಾರಿ ಹಾರಿದ್ದು 1992ರ ಆಗಸ್ಟ್ 20ರಂದು, ಬೆಂಗಳೂರಿನಲ್ಲಿ. ನಾಲ್ಕು ಬ್ಲೇಡು, ಎರಡು ಎಂಜಿನ್, ಐದೂವರೆ ಟನ್ ತೂಕದ ವರ್ಗ. ಬಾಲದ ಅಡ್ಡಪಟ್ಟಿಯ ಎರಡೂ ತುದಿಗಳಲ್ಲಿ ನಿಂತಿರುವ ಫಲಕಗಳು ಇದರ ಮುಖ್ಯ ಚಹರೆ. ಹಿಂದಿನಿಂದ ನೋಡಿದರೆ ನಡುವಿನ ಬಾಲವೂ ಸೇರಿ ಮೂರು ಫಲಕಗಳಂತೆ ತೋರುತ್ತದೆ. ಭೂಸೇನೆ ಮತ್ತು ವಾಯುಪಡೆಯ ಧ್ರುವ್ ಕೊಳವೆಗಳ ಮೇಲೆ ನಿಂತರೆ, ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯವಕ್ಕೆ ಒಳಸೇರುವ ಗಾಲಿಗಳಿವೆ. ವಾಯುಪಡೆಯ ಪ್ರದರ್ಶನ ತಂಡ ‘ಸಾರಂಗ್’ ಹಾರಿಸುವುದೂ ಧ್ರುವ್‌ಗಳನ್ನೇ. ಕೆಂಪು ಮೈಯ ಮೇಲೆ ನವಿಲಿನ ಚಿತ್ರ ಬರೆದಿರುವ ಅವನ್ನು ಗುರುತಿಸಲು ಯಾವ ಕೈಪಿಡಿಯೂ ಬೇಕಿಲ್ಲ. ತಂಡದ ನೆಲೆ ಸೂಲೂರು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಪತನವಾದ ಬಳಿಕ ಈ ಹೆಲಿಕಾಪ್ಟರುಗಳ ಹಾರಾಟವನ್ನು ಕೆಲವು ತಿಂಗಳು ತಡೆಹಿಡಿಯಲಾಗಿತ್ತು. ಆ ಅವಧಿಯದೆಂದು ಹೇಳುವ ಧ್ರುವ್ ಚಿತ್ರ ಕಂಡರೆ ತಾರೀಖನ್ನು ಮತ್ತೊಮ್ಮೆ ಪರಿಶೀಲಿಸುವುದು ಲೇಸು.

ಧ್ರುವ್‌ನ ಮೂಗಿನ ಕೆಳಗೆ ಬಂದೂಕು, ಪಕ್ಕಗಳಲ್ಲಿ ಮೋಟು ರೆಕ್ಕೆ ಕಂಡರೆ ಅದು ಶಸ್ತ್ರಸಜ್ಜಿತ ರುದ್ರ. ಒಬ್ಬರ ಹಿಂದೊಬ್ಬರು ಕೂರುವ, ಮುಂದಿನಿಂದ ತೀರಾ ಕಿರಿದಾಗಿ ಕಾಣುವ ಯುದ್ಧ ಹೆಲಿಕಾಪ್ಟರ್ ಪ್ರಚಂಡ. 2010ರ ಮಾರ್ಚ್ 29ರಂದು ಮೊದಲು ಹಾರಿದ ಇದು ವಾಯುಪಡೆ ಸೇರಿದ್ದು 2022ರ ಅಕ್ಟೋಬರ್ 3ರಂದು, ಜೋಧಪುರದಲ್ಲಿ. 2025ರ ಮಾರ್ಚ್‌ನಲ್ಲಿ ಇನ್ನೂ 156 ಪ್ರಚಂಡಗಳಿಗೆ ಒಪ್ಪಂದವಾಗಿದ್ದು, ತಯಾರಿಕೆ ಬೆಂಗಳೂರು ಹಾಗೂ ತುಮಕೂರಿನಲ್ಲಿ. ಗುಬ್ಬಿ ತಾಲ್ಲೂಕಿನ ತುಮಕೂರು ಘಟಕ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಆದ್ದರಿಂದ ಇಂದು ಅಪರೂಪವೆನಿಸುವ ಈ ಆಕಾರ ದಕ್ಷಿಣ ಕರ್ನಾಟಕದ ಕಣ್ಣಿಗೆ ಕ್ರಮೇಣ ರೂಢಿಯಾಗಬಹುದು.

ಅಪಾಚೆ, ಎರಡು ರೋಟರಿನ ಚಿನೂಕ್ ಮುಂತಾದವು ಉತ್ತರದ ನೆಲೆಗಳಿಗೆ ಸೇರಿದವು. ಕೊಚ್ಚಿಯ ನೌಕಾಪಡೆಯ ಹೆಲಿಕಾಪ್ಟರುಗಳಿಗೆ ಕಡಲೇ ಕ್ಷೇತ್ರ. ಇವು ಕಾಣಿಸಿದರೆ ಅದೃಷ್ಟ.

ಬಣ್ಣ ನಂಬಬೇಡಿ, ಬ್ಲೇಡನ್ನೂ ಪೂರ್ತಿ ನಂಬಬೇಡಿ

ಹಸಿರೋ ಬೂದೋ ಬಳಿದದ್ದೆಲ್ಲ ಸೇನೆಯದಲ್ಲ. ಚುನಾವಣೆ ಹೊತ್ತಿನಲ್ಲಿ, ಸುತ್ತೂರಿನಂಥ ಕ್ಷೇತ್ರಗಳಿಗೆ ಗಣ್ಯರು ಬರುವಾಗ ಹಾರುವವು ಬಹುಮಟ್ಟಿಗೆ ಬಾಡಿಗೆಯ ನಾಗರಿಕ ಹೆಲಿಕಾಪ್ಟರುಗಳು. ನಾಗರಿಕ ನೋಂದಣಿ ‘ವಿಟಿ’ ಎಂಬ ಎರಡಕ್ಷರದಿಂದ ಆರಂಭವಾಗುತ್ತದೆ. ವಾಯುಪಡೆಯ ಹೆಲಿಕಾಪ್ಟರುಗಳ ಸಂಖ್ಯೆಗೆ ಮೊದಲು ‘ಝಡ್’, ಭೂಸೇನೆಗೆ ‘ಐಎ’, ನೌಕಾಪಡೆಗೆ ‘ಐಎನ್’, ಕರಾವಳಿ ಕಾವಲು ಪಡೆಗೆ ‘ಸಿಜಿ’. ವಾಯುಪಡೆಯ ಒಡಲಿನ ಮೇಲೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತಚಿಹ್ನೆಯೂ ಇರುತ್ತದೆ. ವಿಮಾನ ಹುಡುಕುವ ಮೊಬೈಲ್ ಆ್ಯಪ್‌ನಲ್ಲಿ ಕಾಣಲಿಲ್ಲವೆಂದು ಸೇನೆಯದೇ ಎಂದು ತೀರ್ಮಾನಿಸುವುದೂ ಸಲ್ಲ. ತಗ್ಗಿನಲ್ಲಿ ಹಾರುವ ಎಷ್ಟೋ ನಾಗರಿಕ ಹೆಲಿಕಾಪ್ಟರುಗಳೂ ಅದರಲ್ಲಿ ಬಾರದೆ ಹೋಗುತ್ತವೆ.

ಬ್ಲೇಡು ಎಣಿಸುವುದರಲ್ಲೂ ಒಂದು ತೊಡಕಿದೆ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಒಮ್ಮೆಗೇ ಗ್ರಹಿಸುವುದಿಲ್ಲ, ಸಾಲು ಸಾಲಾಗಿ ಗ್ರಹಿಸುತ್ತದೆ. ಅಷ್ಟರಲ್ಲಿ ಬ್ಲೇಡು ಮುಂದೆ ಸರಿದಿರುತ್ತದೆ. ಹೀಗಾಗಿ ನೇರ ಬ್ಲೇಡು ಬಾಳೆಹಣ್ಣಿನಂತೆ ಬಾಗಿ ಕಾಣಬಹುದು, ಎಣಿಕೆ ತಪ್ಪಬಹುದು; ವಿಡಿಯೊದಲ್ಲಿ ರೋಟರ್ ನಿಂತಂತೆಯೋ ಹಿಮ್ಮುಖವಾಗಿ ತಿರುಗಿದಂತೆಯೋ ತೋರಬಹುದು. ಅನುಭವಿಗಳು ಮೊದಲು ಬಾಲ, ಬಳಿಕ ಗಾಲಿ ಅಥವಾ ಕೊಳವೆ, ಅನಂತರ ಮೂಗು ನೋಡಿ, ಬ್ಲೇಡಿನ ಲೆಕ್ಕವನ್ನು ಕೊನೆಗೆ ತಾಳೆ ನೋಡುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸ್ವಯಂಸೇವಕ ವೀಕ್ಷಕರಿಗೆ ಕಪ್ಪು ನೆರಳುಚಿತ್ರಗಳನ್ನು ತೋರಿಸಿ ಶತ್ರು ವಿಮಾನ ಗುರುತಿಸಲು ಕಲಿಸಿದ್ದೂ ಇದೇ ತತ್ವದ ಮೇಲೆ: ಬಣ್ಣ ಮೋಸ ಮಾಡುತ್ತದೆ, ಆಕಾರ ಮಾಡುವುದಿಲ್ಲ.

ಒಂದೂವರೆ ನಿಮಿಷದ ಅವಕಾಶ

ಗಂಟೆಗೆ 220 ಕಿ.ಮೀ. ವೇಗದಲ್ಲಿ ಬರುವ ಹೆಲಿಕಾಪ್ಟರ್ ಮೂರು ಕಿ.ಮೀ. ದೂರದಲ್ಲಿ ಕಣ್ಣಿಗೆ ಬಿದ್ದು, ಆಚೆ ಮೂರು ಕಿ.ಮೀ.ಗೆ ಮರೆಯಾಗುವುದಾದರೆ ಸಿಗುವುದು ಸುಮಾರು 100 ಸೆಕೆಂಡು. ಹಕ್ಕಿಗಳ ಚಿತ್ರ ತೆಗೆಯುವವರು 400 ಎಂಎಂ ಲೆನ್ಸನ್ನು ಮೊದಲೇ ಹೊತ್ತಿರುವುದರಿಂದ ಇಲ್ಲಿ ಮುಂದು. ಆದರೆ ಹಕ್ಕಿಗೆ ಹೊಂದಿಸಿಟ್ಟ ಶಟರ್ ವೇಗ ಹೆಲಿಕಾಪ್ಟರಿಗೆ ಹೊಂದದು. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆದರೆ ಬ್ಲೇಡುಗಳು ನಿಶ್ಚಲವಾಗಿ, ದಾರಕ್ಕೆ ಕಟ್ಟಿದ ಆಟಿಕೆಯಂತೆ ಕಾಣುತ್ತದೆ. ಎಂಐ-17ರ ರೋಟರ್ ನಿಮಿಷಕ್ಕೆ ಸುಮಾರು 190 ಸುತ್ತು ಮಾತ್ರ ತಿರುಗುವುದರಿಂದ 125ರಲ್ಲೊಂದು ಸೆಕೆಂಡಿನಲ್ಲಿ ಬ್ಲೇಡು ಸರಿಯುವುದು ಒಂಬತ್ತು ಡಿಗ್ರಿಯಷ್ಟೆ. ಅದಕ್ಕಿಂತ ವೇಗವಾಗಿ ತಿರುಗುವ ಧ್ರುವ್‌ನಲ್ಲಿ ಸುಮಾರು 15 ಡಿಗ್ರಿ. ಆದ್ದರಿಂದ ದೊಡ್ಡ ಹೆಲಿಕಾಪ್ಟರಿಗೆ ಶಟರ್ ಇನ್ನೂ ನಿಧಾನವಿರಬೇಕು, ಕೈ ಇನ್ನೂ ಗಟ್ಟಿಯಿರಬೇಕು. ಬೆಳ್ಳನೆಯ ಆಕಾಶದೆದುರು ಒಡಲು ಕಪ್ಪಾಗದಂತೆ ಬೆಳಕನ್ನು ಒಂದು ಹಂತ ಏರಿಸಿಕೊಳ್ಳುವುದೂ ಉಪಯುಕ್ತ.

ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ತಗ್ಗಿನಲ್ಲಿ ಬಂದ ಹೆಲಿಕಾಪ್ಟರಿನ ಸದ್ದಿಗೆ ಹಿಂಡು ಒಟ್ಟಾಗಿ ಏಳುವ ನೋಟ ಮೋಹಕವೇ. ಆದರೆ ಆಗ ನೀರಂಚಿಗೆ ಓಡಿಹೋಗಿ ಮರಳುವ ಹಕ್ಕಿಗಳನ್ನು ಇನ್ನೊಮ್ಮೆ ಬೆದರಿಸುವುದು ಹವ್ಯಾಸಿಗೆ ಶೋಭೆಯಲ್ಲ.

ಕಾನೂನಿನ ಗೆರೆ ಎಲ್ಲಿದೆ?

ಸಾರ್ವಜನಿಕ ಸ್ಥಳದಲ್ಲಿ ನಿಂತು ಬಾನಲ್ಲಿ ಹಾದುಹೋಗುವ ಹೆಲಿಕಾಪ್ಟರನ್ನು ಕ್ಲಿಕ್ಕಿಸುವುದಷ್ಟೇ ಅಪರಾಧವೆಂದು ಹೇಳುವ ಪ್ರತ್ಯೇಕ ಕಲಮು 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿಲ್ಲ. ಹಾಗೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಆ ಕಾಯ್ದೆಯ ‘ನಿಷೇಧಿತ ಸ್ಥಳ’ ಎಂಬ ವ್ಯಾಖ್ಯೆಯೊಳಗೆ ಸೇನಾ ನೆಲೆ, ಶಿಬಿರಗಳ ಜೊತೆಗೆ ಸರ್ಕಾರಕ್ಕೆ ಸೇರಿದ ಹಡಗು ಮತ್ತು ವಿಮಾನವೂ ಬರುತ್ತವೆ. ದೇಶದ ಸುರಕ್ಷತೆಗೆ ಮಾರಕವಾದ ಉದ್ದೇಶವಿದ್ದರೆ ಮೂರನೇ ಕಲಮು ಅನ್ವಯಿಸುತ್ತದೆ. ರಕ್ಷಣಾ ಸಂಬಂಧಿ ಪ್ರಕರಣಗಳಲ್ಲಿ ಶಿಕ್ಷೆ 14 ವರ್ಷದವರೆಗೆ. ಉದ್ದೇಶವನ್ನು ಸಂದರ್ಭ ಮತ್ತು ನಡವಳಿಕೆಯಿಂದಲೂ ಊಹಿಸಿಕೊಳ್ಳಲು ಕಾಯ್ದೆ ಅವಕಾಶ ನೀಡಿರುವುದು ಹವ್ಯಾಸಿಗಳು ಮುಖ್ಯವಾಗಿ ಗಮನಿಸಬೇಕಾದ ಅಂಶ. ಹೊಳೆದಂಡೆಯಲ್ಲಿ ಹಕ್ಕಿಯ ನಡುವೆ ಸಿಕ್ಕ ಒಂದು ಚಿತ್ರಕ್ಕೂ, ನೆಲೆಯೊಂದರ ಬೇಲಿಯ ಬಳಿ ದಿನವೂ ನಿಂತು ಬರೆದಿಟ್ಟ ಸಂಖ್ಯೆಗಳ ಪಟ್ಟಿಗೂ ತನಿಖಾಧಿಕಾರಿಯ ಕಣ್ಣಿನಲ್ಲಿ ಅಜಗಜಾಂತರವಿದೆ.

ಉದಾಹರಣೆಗಳೂ ಇವೆ. ಗ್ರೀಸ್‌ನ ಕಲಮಾಟಾ ವಾಯುನೆಲೆಯಲ್ಲಿ 2001ರ ನವೆಂಬರಿನಲ್ಲಿ ಬಂಧಿತರಾದ ಬ್ರಿಟಿಷ್ ಮತ್ತು ಡಚ್ ವಿಮಾನ ವೀಕ್ಷಕರು ಮರುವರ್ಷ ಏಪ್ರಿಲ್‌ನಲ್ಲಿ ಶಿಕ್ಷೆಗೊಳಗಾಗಿ, ಮೇಲ್ಮನವಿಯಲ್ಲಿ ನವೆಂಬರಿನಲ್ಲಿ ಖುಲಾಸೆಯಾದರು. 2010ರ ಫೆಬ್ರುವರಿಯಲ್ಲಿ ದೆಹಲಿ ವಿಮಾನ ನಿಲ್ದಾಣದ ಸಮೀಪದ ಹೋಟೆಲಿನಲ್ಲಿ ತಂಗಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ಪೈಲಟ್‌ಗಳ ರೇಡಿಯೊ ಸಂಭಾಷಣೆ ಆಲಿಸಿದ ಆರೋಪದಲ್ಲಿ ಸಿಲುಕಿ, ದಂಡ ತೆತ್ತು ಏಪ್ರಿಲ್‌ನಲ್ಲಿ ಬಿಡುಗಡೆಯಾದರು. ಅವರನ್ನು ಕೆಡಿಸಿದ್ದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ರೇಡಿಯೊ ಎಂಬುದು ಗಮನಾರ್ಹ.

ವಿಮಾನ ನಿಲ್ದಾಣದೊಳಗೆ ಚಿತ್ರೀಕರಣಕ್ಕೆ 1937ರ ವಿಮಾನ ನಿಯಮಾವಳಿಯ ಕಾಲದಿಂದಲೂ ನಿರ್ಬಂಧವಿದೆ. ಮಂಡಕಳ್ಳಿಯ ಬೇಲಿಯ ಬಳಿ ಉದ್ದನೆಯ ಲೆನ್ಸ್ ಹಿಡಿದು ನಿಲ್ಲುವ ಮುನ್ನ ಭದ್ರತಾ ಸಿಬ್ಬಂದಿಯನ್ನು ಕೇಳುವುದೇ ಸರಳ ದಾರಿ. ಗಣ್ಯರ ಭೇಟಿಗೆಂದು ಹೊಲದ ನಡುವೆ ಸಿದ್ಧವಾದ ತಾತ್ಕಾಲಿಕ ಹೆಲಿಪ್ಯಾಡ್ ಆ ಹೊತ್ತಿಗೆ ಪೊಲೀಸರ ಅಧೀನ. ಅಲ್ಲಿ ಡ್ರೋನ್ ಏರಿಸುವುದಂತೂ ಸರ್ವಥಾ ಕೂಡದು. ಹೆಲಿಕಾಪ್ಟರ್ ಹಾರುತ್ತಿರುವ ಯಾವುದೇ ಜಾಗದಲ್ಲಿ ಡ್ರೋನ್ ಎಂದರೆ ಕಾನೂನಿಗಿಂತ ಮೊದಲು ಜೀವದ ಪ್ರಶ್ನೆ.

ಉಳಿದಿರುವುದು ಹಂಚಿಕೊಳ್ಳುವ ವಿಷಯ. 2025ರ ಏಪ್ರಿಲ್ 26 ಮತ್ತು ಮೇ 9ರಂದು ಕೇಂದ್ರ ಸರ್ಕಾರ ಸೇನಾ ಕಾರ್ಯಾಚರಣೆ ಮತ್ತು ಪಡೆಗಳ ಚಲನವಲನದ ನೇರ ಪ್ರಸಾರ ಮಾಡದಂತೆ ಮಾಧ್ಯಮಗಳಿಗೂ ಸಾಮಾಜಿಕ ಜಾಲತಾಣ ಬಳಸುವವರಿಗೂ ಸೂಚಿಸಿತು. ಎಲ್ಲಿ, ಯಾವಾಗ, ಯಾವ ದಿಕ್ಕಿಗೆ ಎಂಬುದನ್ನು ಆ ಕ್ಷಣದಲ್ಲೇ ಪ್ರಕಟಿಸುವುದರಿಂದ ಚಿತ್ರಕ್ಕೆ ಬೆಲೆಯೇನೂ ಏರುವುದಿಲ್ಲ. ಪ್ರವಾಹದ ವೇಳೆ ಹಳೆಯ ಹೆಲಿಕಾಪ್ಟರ್ ಚಿತ್ರವನ್ನು ‘ಈಗಷ್ಟೇ ನಂಜನಗೂಡಿನಲ್ಲಿ’ ಎಂದು ಹರಿಬಿಟ್ಟರೆ ಮಹಡಿಯ ಮೇಲೆ ಕಾಯುತ್ತಿರುವವರ ಮನೆಯವರು ನೆರವು ಬಂತೆಂದು ನಂಬಿ ಕೂರುವ ಅಪಾಯವೂ ಇದೆ. ಅಂಥ ಹೊತ್ತಿನಲ್ಲಿ ಬಾಲ, ಗಾಲಿ, ಮೂಗು ನೋಡಿ ಮಾದರಿ ಹೇಳಬಲ್ಲವರೇ ಚಿತ್ರದ ಸುಳ್ಳನ್ನೂ ಹಿಡಿಯಬಲ್ಲರು.

ಕ್ಯಾಮೆರಾದ ಗಡಿಯಾರವನ್ನು ಸರಿಯಾದ ಸಮಯಕ್ಕೆ ಇಟ್ಟುಕೊಳ್ಳುವುದು, ನಿಂತ ಜಾಗ, ಹೆಲಿಕಾಪ್ಟರ್ ಬಂದ ಹಾಗೂ ಹೋದ ದಿಕ್ಕು, ಮೋಡ-ಮಂಜಿನ ಸ್ಥಿತಿಯನ್ನು ಎರಡು ಸಾಲಿನಲ್ಲಿ ಬರೆದಿಡುವುದು, ಮೂಲ ಕಡತವನ್ನು ಕತ್ತರಿಸದೆ, ತಿದ್ದದೆ ಉಳಿಸುವುದು ರೂಢಿಯಾಗಬೇಕು. ವಾಟ್ಸ್ಆ್ಯಪ್ ಮೂಲಕ ಕಳುಹಿಸಿದ ಪ್ರತಿಯಲ್ಲಿ ಕುಗ್ಗಿದ ಚಿತ್ರ ಉಳಿಯುತ್ತದೆಯೇ ಹೊರತು ತೆಗೆದ ಸಮಯ, ಸ್ಥಳದ ವಿವರ ಉಳಿಯುವುದಿಲ್ಲ. ಕಾಟ್ಟೇರಿಯ ಪ್ರಕರಣದಲ್ಲಿಯೂ ಎಲ್ಲರ ಮೊಬೈಲಿನಲ್ಲಿ ಹರಿದಾಡಿದ ಪ್ರತಿಗಳನ್ನು ಬಿಟ್ಟು, ಆ ದೃಶ್ಯ ಸೆರೆಯಾದ ಮೊಬೈಲನ್ನೇ ಪೊಲೀಸರು ಪರೀಕ್ಷೆಗೆ ಕಳುಹಿಸಿದ್ದರು.